ಐದೂಕಾಲರ ಬಸ್ಸು

ಕಲಿಯುವವರ ಅಗತ್ಯವನ್ನು ತಿಳಿದುಕೊಳ್ಳದೆ ಯಾವ ವಯಸ್ಕರಿಗೂ ಅಕ್ಷರ ಕಲಿಸತಕ್ಕದ್ದಲ್ಲ ಎಂಬ ಆದೇಶ ೧೯೭೯ರ ಜೂನ್ ತಿಂಗಳಲ್ಲಿ ಹೊರಬಿತ್ತು. ಅಂದಿನಿಂದ ಬಾಗಲಗುಂಟೆಯ ದೊಡ್ಡಮುನಿಯಮ್ಮನಿಗೆ ಅಗತ್ಯವೊಂದು ಇರಲೇಬೇಕಾಯಿತು. ಪುಣ್ಯಕ್ಕೆ ಅವಳ ಹತ್ತಿರ ಒಂದು ಸಿದ್ಧವಾಗಿಯೇ ಇತ್ತು.

ದೊಡ್ಡಮುನಿಯಮ್ಮ ಸೊಪ್ಪು ಮಾರುವವಳು. ದಿನಾ ಬೆಳಗಾಗುವ ಮುಂಚೆ ದಂಟು, ಸಬ್ಬಸಿಗೆ, ಮೆಂತ್ಯದ ಕಟ್ಟುಗಳನ್ನು ಮಂಕರಿಗೆ ತುಂಬಿ, ತಲೆಯ ಮೇಲೆ ಹೊತ್ತು ಹೆದ್ದಾರಿಯ ಎಂಟನೇ ಮೈಲಿ ನಿಲ್ದಾಣದವರೆಗೆ ನಡೆದು, ತುಮಕೂರು ಕಡೆಯಿಂದ ಬರುವ ಯಾವುದಾದರೂ ಬಸ್ಸಿನವನ ಕೈಕಾಲು ಹಿಡಿದು ಯಶವಂತಪುರದ ಮಾರ್ಕೆಟ್ಟು ಸೇರುತ್ತಿದ್ದಳು. ಏಳು ಗಂಟೆಯೊಳಗೆ ತಲುಪಿದರೆ ಅದು ಸೊಪ್ಪು, ತಲುಪದಿದ್ದರೆ ಹಸುವಿನ ಮೇವು. ಮಂಡಿನೋವು ಶುರುವಾದ ಮೇಲೆ ಮೇವಾಗುವ ದಿನಗಳೇ ಹೆಚ್ಚಿದ್ದವು. ಊರೊಳಕ್ಕೆ ಒಂದು ಬಸ್ಸು ಬಿಡಿ ಎಂದು ಊರಿನವರು ಹಾಕಿದ ಅರ್ಜಿಗಳಿಗೆಲ್ಲ ಅವಳು ತಪ್ಪದೆ ಹೆಬ್ಬೆಟ್ಟು ಒತ್ತಿದ್ದಳು.

ಹೀಗಿರುವಾಗ ವಯಸ್ಕರ ಶಿಕ್ಷಣದ ಕಾರ್ಯಕ್ರಮ ಅಭಿವೃದ್ಧಿ ಅಧಿಕಾರಿ ವೇಣುಗೋಪಾಲರು ನಮೂನೆಗಳನ್ನು ಹಿಡಿದುಕೊಂಡು ಊರಿಗೆ ಬಂದರು. ಸೊಪ್ಪು ಕಟ್ಟುತ್ತ ಕೂತವಳನ್ನು ನಿಮ್ಮ ಅಗತ್ಯವೇನು ಎಂದು ಕೇಳಿದರು. ಬಸ್ಸು ಎಂದಳು. ಬೇರೆ ಏನಾದರೂ? ಬೇರೆ ಏನೂ ಇಲ್ಲ. ನಲವತ್ತು ಮನೆಗಳಲ್ಲಿ ಮೂವತ್ತೇಳು ಮನೆಯವರು ಅದನ್ನೇ ಹೇಳಿದಾಗ ವೇಣುಗೋಪಾಲರ ಕಣ್ಣಲ್ಲಿ ನೀರಾಡಿತು. ಬೇರೆ ಊರುಗಳಲ್ಲಿ ಒಬ್ಬರು ನೀರು ಎಂದರೆ ಇನ್ನೊಬ್ಬರು ಮಗಳಿಗೊಂದು ಗಂಡು ಎಂದು ಬರೆಸಿ ನಮೂನೆ ಕೆಡಿಸಿದ್ದರು. ಇಷ್ಟು ಒಮ್ಮತದ ಅಗತ್ಯ ಜಿಲ್ಲೆಯಲ್ಲೇ ಸಿಕ್ಕಿರಲಿಲ್ಲ.

ವಯಸ್ಕರ ಶಿಕ್ಷಣ ಸಮಿತಿ ಏಳು ಸಲ ಸೇರಿತು. ಅಗತ್ಯವು ಬಸ್ಸಾಗಿರುವುದರಿಂದ ಬೋಧನೋಪಕರಣವೂ ಬಸ್ಸೇ ಆಗಿರತಕ್ಕದ್ದು, ಸ್ಲೇಟು ಬಳಪಗಳು ವಯಸ್ಕರ ಮನಸ್ಸಿಗೆ ಒಗ್ಗತಕ್ಕವಲ್ಲ ಎಂದು ತೀರ್ಮಾನವಾಯಿತು. ಎಂಜಿನ್ ತೆಗೆದು ಗುಜರಿಗೆ ಹಾಕಿದ್ದ ಬಸ್ಸೊಂದನ್ನು ಟ್ರ್ಯಾಕ್ಟರ್ ಎಳೆದುಕೊಂಡು ಬಂತು. ಊರಿನವರು ಕಾಯಿ ಒಡೆದು ಆರತಿ ಎತ್ತಿದರು. ಟ್ರ್ಯಾಕ್ಟರ್ ಹಿಂದಕ್ಕೆ ಹೋಯಿತು, ಬಸ್ಸು ನಿಂತಿತು. ಅದರ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಲಾಯಿತು:

"೧. ಈ ವಾಹನವು ಬೋಧನೋಪಕರಣವಾಗಿದ್ದು ಇದರಲ್ಲಿ ಪ್ರಯಾಣಿಸುವುದನ್ನು ನಿಷೇಧಿಸಲಾಗಿದೆ. ೨. ಕಲಿಯುವವರು ಬೋರ್ಡು ಓದಿಯೇ ಹತ್ತತಕ್ಕದ್ದು. ಓದದೆ ಹತ್ತಿದವರನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಲಾಗುವುದು. ೩. ಫುಟ್‌ಬೋರ್ಡಿನ ಮೇಲೆ ನಿಂತು ಕಲಿಯಕೂಡದು."

ದೊಡ್ಡಮುನಿಯಮ್ಮ ಬಸ್ಸಿನ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಅಧಿಕಾರಿಗಳ ಮುಂದೆ ನಿಂತು ಕೇಳಿದಳು, "ಇದು ಓಡೋದು ಯಾವಾಗ ಸ್ವಾಮಿ?"

"ಮೊದಲನೇ ಹಂತದಲ್ಲಿ ಹತ್ತೋದು, ಇಳಿಯೋದು ಅಷ್ಟೇ ಅಮ್ಮ" ಎಂದರು ವೇಣುಗೋಪಾಲರು. "ಹಾಜರಾತಿ ಎಂಬತ್ತು ಪರ್ಸೆಂಟ್ ಬಂದ್ರೆ ಎರಡನೇ ಹಂತ. ಓಡೋದೆಲ್ಲ ಅದರಲ್ಲಿ ಬರುತ್ತೆ."

ಹಾಜರಾತಿ ತಾನೇ ಎಂದು ಅವಳು ಸೆರಗು ಸಿಕ್ಕಿಸಿಕೊಂಡಳು. ಪಾಠದ ಹೊತ್ತು ಕಲಿಯುವವರ ಅನುಕೂಲಕ್ಕೆ ತಕ್ಕಂತೆ ಬೆಳಿಗ್ಗೆ ಐದೂಕಾಲು. ನಾಗಸಂದ್ರದಿಂದ ಸೈಕಲ್ ತುಳಿದು ಬರುವ ಮೇಷ್ಟ್ರು ಶೇಷಗಿರಿ ಹೆಗಲಿಗೆ ಕಂಡಕ್ಟರ್ ಚೀಲ ನೇತುಹಾಕಿಕೊಂಡು ಸೀಟಿ ಊದುತ್ತಿದ್ದ. ಒಂದು ದಿನ ಯಶವಂತಪುರದ ಬೋರ್ಡು, ಒಂದು ದಿನ ಹೆಬ್ಬಾಳದ್ದು. ಮಾರ್ಕೆಟ್ಟಿಗೆ ಹೋಗಬೇಕಾದ ದೊಡ್ಡಮುನಿಯಮ್ಮ ಹೆಬ್ಬಾಳದ ಬಸ್ಸು ಹತ್ತಿ ಮೂರು ಸಲ ಮೇಷ್ಟ್ರ ಕೈಲಿ ಇಳಿಸಿಕೊಂಡಳು. ನಾಲ್ಕನೇ ಸಲ ಓದಿಯೇ ಹತ್ತಿದಳು. ಅರ್ಧ ಗಂಟೆ ಕೂತು, ಇಳಿದು, ಮಂಕರಿ ಹೊತ್ತು ಎಂಟನೇ ಮೈಲಿಗೆ ಓಡುವಳು. ಮೇವಾಗುವ ದಿನಗಳು ಇನ್ನೂ ಹೆಚ್ಚಿದವು. ಎಂಜಿನ್ ಬರಲಿ, ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ಎಲ್ಲಿಗೂ ಹೋಗುವ ಕೆಲಸವಿಲ್ಲದ ಎಪ್ಪತ್ತರ ಚಿಕ್ಕಮಾರಯ್ಯನನ್ನೂ ಎಬ್ಬಿಸಿಕೊಂಡು ಬಂದು ಕಿಟಕಿ ಪಕ್ಕ ಕೂರಿಸಿದಳು. ಹಾಜರಾತಿ ತೊಂಬತ್ಮೂರು ಮುಟ್ಟಿತು.

ಮೌಲ್ಯಮಾಪನ ತಂಡ ಬಂದಾಗ ಅವಳು "ಬಾಗಲಗುಂಟೆ – ಯಶವಂತಪುರ" ಎಂದು ತಡವರಿಸದೆ ಓದಿದಳು. ತಂಡದವರು ಚಪ್ಪಾಳೆ ತಟ್ಟಿ ಒಂದು ಕಾಗದ ಚಾಚಿದರು. ಅದರಲ್ಲಿ "ಅಗತ್ಯ: ಬಸ್ಸು. ಈಡೇರಿದೆ" ಎಂದಿತ್ತು. ಹುಟ್ಟಿದಾರಭ್ಯ ಮೊದಲ ಸಲ ಸಹಿ ಹಾಕುವ ಸಂಭ್ರಮದಲ್ಲಿ ಅವಳು ತನ್ನ ಹೆಸರಿನ ಒತ್ತುಗಳ ಕಡೆಗೇ ಗಮನ ಕೊಟ್ಟಳು.

ತಿಂಗಳು ಕಳೆದ ಮೇಲೆ ಊರಿನ ಹಳೇ ಅರ್ಜಿಗೆ ಉತ್ತರ ಬಂತು. ಈಗ ಓದಬಲ್ಲವಳಾದ್ದರಿಂದ ಅವಳೇ ಓದಿದಳು. ಸದರಿ ಗ್ರಾಮದಲ್ಲಿ ಬಸ್ಸು ಇರುವುದು ಗ್ರಾಮಸ್ಥರ ಸಹಿಯಿಂದಲೇ ದೃಢಪಟ್ಟಿರುವ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಅವಳು ಎರಡು ದಿನ ಬಸ್ಸು ಹತ್ತಲಿಲ್ಲ, ಮಾರ್ಕೆಟ್ಟಿಗೂ ಹೋಗಲಿಲ್ಲ. ಮೂರನೇ ದಿನ ವೇಣುಗೋಪಾಲರೇ ಮನೆಬಾಗಿಲಿಗೆ ಬಂದು ಎರಡನೇ ಹಂತ ಮಂಜೂರಾಗಿದೆ ಎಂದರು. ಎಂಜಿನ್ನಾ ಎಂದು ಕೇಳಿದಳು. ವೇಳಾಪಟ್ಟಿ ಎಂದರು. ಹೊತ್ತು ಗೊತ್ತಿಲ್ಲದ ಪ್ರಯಾಣಿಕರಿಗೆ ಓಡುವ ಬಸ್ಸು ಕೊಟ್ಟು ಪ್ರಯೋಜನವೇನು ಎಂದು ಅವರು ಕೇಳಿದರು. ಮಾರನೇ ದಿನ ಅವಳು ಮತ್ತೆ ಬಸ್ಸು ಹತ್ತಿದಳು.

ಬಸ್ಸಿನ ಪಕ್ಕ ಹಲಗೆ ನೆಟ್ಟು ಐದೂಕಾಲು, ಏಳೂಕಾಲು ಎಂದು ಬರೆದರು. ಊರಿಗೆ ಒಂದು ಶಿಸ್ತು ಬಂತು. ಜನ ಟವೆಲ್ ಹಾಕಿ ಸೀಟು ಹಿಡಿದರು, ಕಿಟಕಿಗಾಗಿ ಜಗಳವಾಡಿದರು. ಮದುವೆ ಕಾಗದಗಳಲ್ಲಿ "ಬಸ್ಸಿನ ಸೌಕರ್ಯವಿದೆ" ಎಂದು ಅಚ್ಚಾಯಿತು.

ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ ಮಂಡಿ ಹಿಡಿದುಕೊಂಡು ದೊಡ್ಡಮುನಿಯಮ್ಮ ಬರುವುದು ತಡವಾಯಿತು. ಬಸ್ಸಿನ ಬಾಗಿಲು ಹಾಕಿತ್ತು. ಒಳಗೆ ಚಿಕ್ಕಮಾರಯ್ಯ ವಾಂತಿ ಬರದಿರಲೆಂದು ನಿಂಬೆಹಣ್ಣು ಮೂಸುತ್ತಿದ್ದ. ಶೇಷಗಿರಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಐದೂಕಾಲರದು ಹೋಯ್ತಲ್ಲ ದೊಡ್ಡಮುನಿಯಮ್ಮನೋರೇ."

ಅವಳು ಮೇಷ್ಟ್ರ ಗಡಿಯಾರ ನೋಡಿದಳು, ಹಲಗೆ ಓದಿದಳು. ಐದೂ ಇಪ್ಪತ್ತು. ತಪ್ಪು ತನ್ನದೇ. ಹಾಳು ಮಂಡಿಗೆ ನಾಲ್ಕು ಬೈದಳು.

ಅಷ್ಟರಲ್ಲಿ ಪಕ್ಕದ ಮನೆಯ ಮುನಿಶಾಮಿ ಸೈಕಲ್ ನಿಲ್ಲಿಸಿ, ಎಂಟನೇ ಮೈಲಿಗೆ ಹೋಗುತ್ತಿದ್ದೇನೆ, ಮಂಕರಿ ಸಮೇತ ಕ್ಯಾರಿಯರ್ ಮೇಲೆ ಕೂತರೆ ಆರೂವರೆಗೆಲ್ಲ ಮಾರ್ಕೆಟ್ಟಿನಲ್ಲಿರಬಹುದು ಎಂದ.

"ಬ್ಯಾಡ ಕಣಪ್ಪ, ನೀನ್ ಓಗು" ಎಂದಳು ದೊಡ್ಡಮುನಿಯಮ್ಮ. "ಬಸ್ಸಿರೋ ಊರಲ್ಲಿ ಯಾರಾದ್ರೂ ಸೈಕಲ್ ಅತ್ತುತಾರಾ?"

ಮಂಕರಿ ಇಳಿಸಿ, ಸೊಪ್ಪಿಗೆ ನೀರು ಚಿಮುಕಿಸಿ, ಅವಳು ಏಳೂಕಾಲರ ಬಸ್ಸಿಗೆ ಕಾಯುತ್ತ ಕೂತಳು.