ಪೆನ್ಸಿಲ್ಲಿನಲ್ಲಿ ಬರೆದ ಕಾರಣ

"ಕಾರಣ ಹೇಳಿ ಸಾರ್. ಊರು ಬಿಟ್ಟು ಬರೋದಕ್ಕೆ ನಮ್ಮ ಹಾಳೆಯಲ್ಲಿ ಆರು ಕಾರಣ ಇವೆ. ಏಳನೇದು ತಂದ್ರೆ ನಮ್ಮ ಮೇಲಿನೋರು ಒಪ್ಪಲ್ಲ" ಎಂದ ಗಣತಿ ಗುಮಾಸ್ತ.

ಕೆಲಸ, ವ್ಯಾಪಾರ, ಓದು, ಮದುವೆ, ಮನೆಯವರ ಜೊತೆ ಬಂದದ್ದು, ನೆರೆಗೋ ಬೆಂಕಿಗೋ ಹೆದರಿ ಓಡಿಬಂದದ್ದು. ಗುಮಾಸ್ತ ಬೆರಳು ಮಡಚಿ ಎಣಿಸಿದ. ಬೀಗದಣ್ಣನ ಕಾರಣ ಮಾತ್ರ ತಪ್ಪು ಬೀಗಕ್ಕೆ ತೂರಿಸಿದ ಕೀಲಿಯ ಹಾಗೆ ಆರರಲ್ಲೂ ಅರ್ಧಕ್ಕೇ ನಿಂತಿತು. ಹನ್ನೆರಡು ವರ್ಷದ ಹಿಂದೆ ಯಾರದೋ ಬೀರುವಿನ ಬೀಗ ತೆಗೆಯಲು ಈ ಊರಿಗೆ ಬಂದವನಿಗೆ ಕೊನೆಯ ಬಸ್ಸು ತಪ್ಪಿತ್ತು. ಆ ಹೊತ್ತಿಗಾಗಲೇ ಊರಲ್ಲಿ ತಾಯಿ ತೀರಿಕೊಂಡಿದ್ದಳು. ಹಿಂದಕ್ಕೆ ಹೋದರೆ ಬಾಗಿಲು ತೆಗೆಯುವವರು ಯಾರೂ ಇರಲಿಲ್ಲ. ಹಾಗಾಗಿ ಮಾರನೆಯ ದಿನದ ಬಸ್ಸಿಗೂ ಆತುರಪಡಲಿಲ್ಲ. ಅಷ್ಟೇ ಕತೆ.

"ಬಸ್ಸು ತಪ್ಪಿದ್ದು ಅಂತ ಕಾಲಂ ಇಲ್ಲ ಸಾರ್. ಸದ್ಯಕ್ಕೆ 'ಕೆಲಸ' ಅಂತ ಪೆನ್ಸಿಲ್ಲಲ್ಲಿ ಬರ್ಕೋತೀನಿ. ಯೋಚನೆ ಮಾಡಿಡಿ, ಮಧ್ಯಾಹ್ನ ಬರ್ತೀನಿ. ಅನುಮಾನ ಇರೋದೆಲ್ಲ ಪೆನ್ಸಿಲ್ಲು, ಇತ್ಯರ್ಥ ಆದ್ಮೇಲೆ ಶಾಯಿ. ಶಾಯಿ ಬಿತ್ತು ಅಂದ್ರೆ ನಾನು ಮತ್ತೆ ನಿಮ್ಮ ಹೊಸಿಲು ತುಳಿಯೋ ಹಾಗಿಲ್ಲ."

ಗುಮಾಸ್ತ ಹೋದಮೇಲೆ ಬೀಗದಣ್ಣನ ತಲೆಯಲ್ಲಿ ಉಳಿದದ್ದು ಆ ಕಡೆಯ ಮಾತೊಂದೇ. ಬೀದಿಯವರು ಕೀಲಿ ಕಳೆದುಕೊಂಡಾಗ ಅವನನ್ನು ಹುಡುಕಿಕೊಂಡು ಬರುತ್ತಿದ್ದರು, ಬಾಗಿಲಲ್ಲೇ ನಿಂತು ಕರೆದುಕೊಂಡು ಹೋಗುತ್ತಿದ್ದರು. ಒಳಗೆ ಕಾಲಿಟ್ಟವರಿಲ್ಲ. ಯಾರಾದರೂ ಕದ ತಳ್ಳಿಕೊಂಡು ಬರಲಿ ಎಂದು ಅವನು ತನ್ನ ಬಾಗಿಲಿಗೆ ಬೀಗವನ್ನೇ ಹಾಕಿರಲಿಲ್ಲ. ಹನ್ನೆರಡು ವರ್ಷದಲ್ಲಿ ಕಳ್ಳನಿಗೂ ಆ ಕಡೆ ತಿರುಗಿ ನೋಡಬೇಕೆನಿಸಿರಲಿಲ್ಲ.

ಎರಡನೆಯ ಕುರ್ಚಿಯ ಮೇಲಿದ್ದ ತುಕ್ಕು ಬೀಗಗಳ ರಾಶಿಯನ್ನು ಮಂಚದ ಕೆಳಗೆ ನೂಕಿ, ಕುರ್ಚಿ ಒರೆಸಿಟ್ಟು, ಮಧ್ಯಾಹ್ನಕ್ಕೆ ಕಾದ.

ಗುಮಾಸ್ತ ಬಂದ. ಅವನು ಎರಡನೆಯ ಸಲ ಒಳಹೊಕ್ಕದ್ದು ಕಂಡು, ಏನೋ ಕೇಸು ಇರಬೇಕೆಂದು ಎದುರಂಗಡಿಯ ಕ್ಷೌರಿಕ ಕೈಯಲ್ಲಿ ಬಾಚಣಿಗೆ ಹಿಡಿದೇ ಬಂದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಂದರು. ಮಹಡಿಯಿಂದ ಮನೆಯೊಡತಿ ಮಹಡಿಯಮ್ಮ ಇಳಿದು ಬಂದಳು. ಇದು ಶುದ್ಧ ಉದ್ಯೋಗದ ವಲಸೆ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಹೆಂಡತಿಯ ಕಾಟ ತಾಳದೆ ಓಡಿಬಂದವನೆಂದು ಕ್ಷೌರಿಕ ವಾದಿಸಿದ. ಮದುವೆಯೇ ಆಗದವನಿಗೆ ಹೆಂಡತಿ ಎಲ್ಲಿಂದ ಎಂದರೆ, ಮುಂದಾಲೋಚನೆಯಿಂದ ಮೊದಲೇ ಓಡಿರಬಹುದಲ್ಲ ಎಂದ.

"ನಾನು ಬಂದಿದ್ದು ಮದುವೆಯಾಗಿ. ನನ್ನ ಕಾರಣ ಫೋಟೋ ಆಗಿ ಗೋಡೆ ಸೇರಿ ಎಂಟು ವರ್ಷ ಆಯ್ತು. ನಾನಿನ್ನೂ ಇಲ್ಲೇ ಇದೀನಿ" ಎಂದಳು ಮಹಡಿಯಮ್ಮ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ವಾದ ಮತ್ತೆ ಶುರುವಾಯಿತು. ಬೀಗದಣ್ಣ ಎಲ್ಲರ ಮಾತಿಗೂ ಹೂಂಗುಟ್ಟಿದ. ಗುಮಾಸ್ತ ಬರೆದ, ಅಳಿಸಿದ, ಬರೆದ. ಹಾಳೆ ಸವೆದ ಚಪ್ಪಲಿಯಷ್ಟು ತೆಳ್ಳಗಾಯಿತು.

ನಡುನಡುವೆ ಗುಮಾಸ್ತ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತೆ, ಮಧ್ಯಾಹ್ನ ಸೆಕೆಯಾಗುತ್ತಾ, ಸೂರು ಸೋರುತ್ತಾ ಎಂದೆಲ್ಲ ವಿಚಾರಿಸುತ್ತಿದ್ದ. ಬೀಗದಣ್ಣನಿಗೆ ಸೆಕೆಯಾಗುತ್ತದೆಯೇ ಎಂದು ಇಷ್ಟು ವರ್ಷ ಯಾರು ಕೇಳಿದ್ದರು?

ಸಂಜೆ ಮೂರನೆಯ ಭೇಟಿ. ಮೇಷ್ಟ್ರು, ಕ್ಷೌರಿಕ, ಮಹಡಿಯಮ್ಮ ತಮ್ಮ ತಮ್ಮ ಜಾಗ ಹಿಡಿದು ಮೊದಲೇ ಕೂತಿದ್ದರು. ಗುಮಾಸ್ತ ಜೇಬಿನಿಂದ ಶಾಯಿ ಪೆನ್ನು ತೆಗೆದ. ಬೀಗದಣ್ಣ ಆ ಪೆನ್ನಿನ ಮೊನೆಯನ್ನೇ ನೋಡಿದ.

"ಕಡೇ ಪ್ರಶ್ನೆ. ವಾಪಸ್ ಊರಿಗೆ ಹೋಗೋ ಇರಾದೆ ಏನಾದ್ರೂ ಇದೆಯಾ? ಇಲ್ಲ ಅಂದ್ರೆ ಇಲ್ಲಿಗೇ ಮುಗೀತು. ಇದೆ ಅಂದ್ರೆ ಅದಕ್ಕೆ ಬೇರೆ ಹಾಳೆ, ನಾಳೆ ತರ್ತೀನಿ."

"ಇದೆ" ಎಂದ ಬೀಗದಣ್ಣ, ಕೇಳಿ ಮುಗಿಯುವುದರೊಳಗೆ.

"ಯಾವಾಗ?"

"ಈ ತಿಂಗಳ ಕೊನೆಗೆ."

ಗುಮಾಸ್ತನ ಮುಖ ಬೆಳಗಿತು. ಮಹಡಿಯಮ್ಮ ಎದ್ದು ನಿಂತಳು. ಇಬ್ಬರೂ ಮೆಟ್ಟಿಲ ಹತ್ತಿರ ಹೋಗಿ ಏನೋ ಗುಸುಗುಸು ಮಾತಾಡಿಕೊಂಡು ಬಂದರು.

"ಒಂದು ಮಾತು ನಂಗೂ ಹೇಳೋದಲ್ವೇನಪ್ಪ? ಹೋಗ್ಲಿ ಬಿಡು. ಪಾಪ, ಇವರು ವರ್ಗ ಆಗಿ ಬಂದು ಎರಡು ತಿಂಗಳಾಯ್ತಂತೆ. ಬೀದಿ ಬೀದಿ ಎಣಿಸಿದ್ರೂ ಒಂದು ರೂಮು ಸಿಕ್ಕಿಲ್ವಂತೆ. ಒಂದನೇ ತಾರೀಕಿಂದ ಇದನ್ನ ಅವರಿಗೇ ಮಾತು ಕೊಟ್ಟೆ" ಎಂದಳು ಮಹಡಿಯಮ್ಮ.

"ಸುಮ್ನೆ ಹೇಳ್ದೆ ಕಣಮ್ಮ."

"ಸರ್ಕಾರಿ ಕಾಗದಕ್ಕೆ ಯಾರಾದ್ರೂ ಸುಮ್ನೆ ಹೇಳ್ತಾರಾ?"

ಯಾಕೆ ಹೇಳಿದೆ ಎಂಬುದನ್ನು ಬಾಚಣಿಗೆ ಹಿಡಿದ ಕ್ಷೌರಿಕನ ಮುಂದೆ ಹೇಳುವುದು ಹೇಗೆ? ಬೀಗದಣ್ಣ ಗುಮಾಸ್ತನ ಕಡೆ ತಿರುಗಿದ. "ನಾಳೆ ಬರ್ತೀರಲ್ಲ? ಆ ಇನ್ನೊಂದು ಹಾಳೆ..."

"ಒಂದನೇ ತಾರೀಕಿಗೆ ನೀವೇ ಇಲ್ಲಿರಲ್ಲ ಅಂದ್ಮೇಲೆ ಅದೆಲ್ಲ ಯಾಕೆ ಸಾರ್? ಶಾಯಿಲೇ ಮುಗಿಸ್ಬಿಟ್ಟೆ. ಆದ್ರೆ ಒಂದು ಉಪಕಾರ ಆಗ್ಬೇಕು. ಈ ಬಾಗಿಲಿಗೆ ಬೀಗಾನೇ ಇಲ್ಲ. ನನಗೋ ಬೀಗ ಇಲ್ದೆ ನಿದ್ದೆ ಹತ್ತಲ್ಲ. ನೀವು ಹೋದ್ಮೇಲೆ ಬೀಗದೋರನ್ನ ನಾನೆಲ್ಲಿ ಹುಡುಕ್ಲಿ?"

ಅದೂ ನಿಜವೇ ಎಂದರು ಮೇಷ್ಟ್ರು. ಬೀಗದಣ್ಣ ಊರಲ್ಲಿ ಇರುವುದರೊಳಗೇ ಇನ್ನೊಂದು ಕೀಲಿ ಮಾಡಿಸಿಕೊಂಡುಬಿಡಬೇಕೆಂದು ಕ್ಷೌರಿಕ ಬೀಗ ತರಲು ಅಂಗಡಿಗೆ ಓಡಿದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಎರಡನೆಯ ಕುರ್ಚಿ ಖಾಲಿಯಾಯಿತು.

ಬೀಗದಣ್ಣ ಮಂಚದ ಕೆಳಗೆ ಕೈಹಾಕಿ ಇದ್ದುದರಲ್ಲಿ ಒಳ್ಳೆಯ ಬೀಗವೊಂದನ್ನು ಆರಿಸಿದ. ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಕದಕ್ಕೆ ಕೊಂಡಿ ಬಡಿದ. ಸರಿಯಾಗಿ ಕೂರುತ್ತದೋ ನೋಡಬೇಕೆಂದು ಹೊರಗೆ ನಿಂತು ಬಾಗಿಲೆಳೆದು ಬೀಗ ಒತ್ತಿದ.

ಮೊದಲ ಸಲಕ್ಕೇ ಬಿತ್ತು.