ನಾನು ದೋಣಿ ಪರೀಕ್ಷೆ ಪಾಸಾದದ್ದು

ಸ್ವಯಂಸೇವಕರಾಗುವುದು ಸ್ವಂತ ಇಚ್ಛೆಯಿಂದ ಎಂದು ನಂಬಿರುವವರು ಯಾವತ್ತೂ ಒಬ್ಬ ಸಾಹುಕಾರರ ಕೈಕೆಳಗೆ ಕೆಲಸ ಮಾಡಿರಲಿಕ್ಕಿಲ್ಲ. ನಾನು ದಾಂಡೇಲಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಕಾರಕೂನನಾಗಿದ್ದ ಕಾಲದ ಮಾತಿದು. ಊರಿಗೆ ಕಾರ್ಖಾನೆ ಬಂದಿತ್ತು, ಪಾಳಿ ಸಾರುವ ಭೋಂಗಾ ಬಂದಿತ್ತು, ಆದರೆ ಕಾಳಿ ನದಿಗೆ ಮೇಲುಗಡೆ ಇನ್ನೂ ಯಾರೂ ಅಣೆಕಟ್ಟು ಕಟ್ಟಿರಲಿಲ್ಲ. ಮಳೆಗಾಲದಲ್ಲಿ ಅದು ತನಗೆ ತೋಚಿದಷ್ಟು ಅಗಲವಾಗಿ ಹರಿಯುತ್ತಿತ್ತು. ಆಚೆ ದಡದ ವಾಡೆಗಳೆಂಬ ಸಣ್ಣ ಹಳ್ಳಿಗಳ ಜನ ಸಂತೆಗೂ ಆಸ್ಪತ್ರೆಗೂ ದೋಣಿಯಲ್ಲೇ ಬರಬೇಕು. ಒಂದು ಮಳೆಗಾಲ ಅಂಬಿಗನು ಜ್ವರ ಬಂದು ಮಲಗಿಬಿಟ್ಟ. ಆ ಜನರೆಲ್ಲ ವಾರಗಟ್ಟಲೆ ಆಚೆಯೇ ಉಳಿದರು. ಅದನ್ನು ಕಂಡು ನಮ್ಮ ಸಾಹುಕಾರರ ಹೃದಯ ಕರಗಿತು. ಅಡ್ಡೆಯ ಕೂಲಿಯವರೂ ಆಚೆ ದಡದವರೇ ಆಗಿದ್ದರೆಂಬುದಕ್ಕೂ ಹೃದಯ ಕರಗಿದ್ದಕ್ಕೂ ಏನೂ ಸಂಬಂಧವಿರಲಿಲ್ಲವೆಂದು ಅವರೇ ಹೇಳಿದ್ದಾರೆ. ಅವರು ನದಿ ಸೇವಾ ಸಮಿತಿಯೊಂದನ್ನು ಕಟ್ಟಿದರು, ತಾವೇ ಅಧ್ಯಕ್ಷರಾದರು, ಒಂದು ದೋಣಿಯನ್ನೂ ಕೊಂಡರು. ಆಮೇಲೆ ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, “ಇದರಾಗ ಜಬರದಸ್ತಿ ಏನೂ ಇಲ್ಲ. ಮನಸ್ಸಿದ್ದವರು ಕೈ ಎತ್ರಿ” ಎಂದು ನನ್ನನ್ನು ನೋಡತೊಡಗಿದರು. ನಾನು ಕೈ ಎತ್ತುವವರೆಗೂ ನೋಡಿದರು.

ಅಂಬೇವಾಡಿಯ ಮನೆಗೆ ಬಂದು ಹೆಂಡತಿ ಸುಶೀಲೆಗೆ ವಿಷಯ ತಿಳಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನಿಮಗ ಈಸು ಬರ್ತೈತೇನ್ರಿ?”

“ಬರೂದಿಲ್ಲ. ಕಲಸ್ತಾರಂತ.”

“ಬಚ್ಚಲದಾಗ ಕಾಲು ಜಾರಿದ್ರ ಗ್ವಾಡಿ ಹಿಡೀತೀರಿ. ಹೊಳ್ಯಾಗ ಗ್ವಾಡಿ ಎಲ್ಲೈತಿ?”

ಇಂಥ ಪ್ರಶ್ನೆಗಳಿಂದಲೇ ಸಮಾಜಸೇವೆ ಹಿಂದೆ ಬೀಳುವುದೆಂದು ಹೇಳಿ ನಾನು ಊಟಕ್ಕೆ ಕುಳಿತೆ.

ನಮಗೆ ಕಲಿಸಲು ಕಾರವಾರದ ಕಡೆಯಿಂದ ಬೋರ್ಕರ್ ಮಾಸ್ತರರು ಬಂದರು. ಅವರು ಬಹಳ ವರ್ಷ ಹಡಗಿನಲ್ಲಿದ್ದವರು. ಹಡಗಿನಲ್ಲಿ ಏನಾಗಿದ್ದರೆಂದು ಯಾರೂ ಕೇಳಲಿಲ್ಲ. ಅವರ ಮೀಸೆ ನೋಡಿದ ಮೇಲೆ ಕೇಳುವಂತಿರಲಿಲ್ಲ. ಆರು ಮಂದಿಯ ನಮ್ಮ ದಳವನ್ನು ಹೊಳೆಗೆ ಕರೆದೊಯ್ಯುತ್ತಾರೆಂದು ನಾವು ತಿಳಿದಿದ್ದರೆ, ಅವರು ಅಡ್ಡೆಯ ಹಿಂದಿನ ಗರಗಸದ ಶೆಡ್ಡಿಗೆ ಕರೆದೊಯ್ದರು. ಅಲ್ಲಿ ಬೆಂಚುಗಳನ್ನು ಒಂದರ ಹಿಂದೆ ಒಂದು ಹಾಕಿಸಿ, ನಮ್ಮ ಕೈಗೆ ಒಂದೊಂದು ಬಿದಿರಿನ ಗಳ ಕೊಟ್ಟು, “ಇದೇ ದೋಣಿ. ಕೂತ್ಕೊಳ್ಳಿ. ಮೊದಲು ಶಿಸ್ತು, ಆಮೇಲೆ ನೀರು” ಎಂದರು.

ಹೀಗೆ ನಾವು ಮಳೆಗಾಲದ ಅರ್ಧಭಾಗವನ್ನು ಕಟ್ಟಿಗೆ ಹೊಟ್ಟಿನಲ್ಲಿ ದೋಣಿ ನಡೆಸುತ್ತ ಕಳೆದೆವು. ‘ಹುಟ್ಟು ಹಾಕು’ ಎಂದರೆ ಬಿದಿರಿನಿಂದ ಹೊಟ್ಟನ್ನು ಹಿಂದಕ್ಕೆ ತಳ್ಳಬೇಕು. ‘ಹುಟ್ಟು ತಡೆ’ ಎಂದರೆ ಬಿದಿರನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಮುಂದಿನ ಆಜ್ಞೆಯವರೆಗೆ ಉಸಿರನ್ನು ಮಾತ್ರ ಆಡಿಸುತ್ತ ಕೂರಬೇಕು. ಈಜನ್ನೂ ಬೆಂಚಿನ ಮೇಲೆ ಬೋರಲಾಗಿ ಮಲಗಿಸಿಯೇ ಕಲಿಸಿದರು. ನನ್ನ ಮುಂದಿನ ಬೆಂಚಿನಲ್ಲಿ ಹಳಿಯಾಳದ ಚನ್ನಬಸಪ್ಪ ಕೂರುತ್ತಿದ್ದರು. ಅವರದು ನಮ್ಮೂರ ಪೇಟೆಯಲ್ಲಿ ಕಿರಾಣಿ ಅಂಗಡಿ. ಸಾಹುಕಾರರ ಮನೆಯ ವ್ಯಾಪಾರ ಕೈತಪ್ಪಬಾರದೆಂದು ಸ್ವಯಂಪ್ರೇರಿತರಾದವರು. ಮೈಕಟ್ಟು ದೊಡ್ಡದು. ಅವರು ಹುಟ್ಟು ಹಾಕಿದಾಗಲೆಲ್ಲ ಆ ಹೊಟ್ಟು ನನ್ನ ಕಣ್ಣಿಗೆ ಬರುತ್ತಿತ್ತು. ಒಂದು ದಿನ ಅವರು ಬೆಂಚಿನಿಂದ ಉರುಳಿದಾಗ ಮಾಸ್ತರರು, “ಮುಳುಗಿದಿರಿ. ಏಳಬೇಡಿ, ಎತ್ತೋದು ಅಭ್ಯಾಸ ಆಗಲಿ” ಎಂದರು. ನಾವು ಐವರೂ ಸೇರಿ ಅವರನ್ನು ಎತ್ತಲು ಹೋಗಿ ಅವರ ಮೇಲೆಯೇ ಬಿದ್ದೆವು. ಸಾಹುಕಾರರು ಆಗಾಗ ಬಂದು ನೋಡಿ, ಚಹಾ ಅವಲಕ್ಕಿ ತರಿಸಿ, ದಳವು ಭಲೇ ತಯಾರಾಗಿದೆಯೆಂದು ಹೇಳಿ ಹೋಗುತ್ತಿದ್ದರು. ನಿಜವೇ. ಆ ಶೆಡ್ಡಿನಲ್ಲಿ ನಮ್ಮ ದೋಣಿ ಒಮ್ಮೆಯೂ ದಾರಿ ತಪ್ಪಿರಲಿಲ್ಲ.

ಪರೀಕ್ಷೆಯ ದಿನ ಬಂತು. ನಿಜವಾದ ದೋಣಿಯಲ್ಲಿ ಆಚೆ ದಡ ಮುಟ್ಟಿ ಬರಬೇಕು. ಎಲ್ಲ ಆಜ್ಞೆ ಪಾಲಿಸಿದವರಿಗೆ ಹಿತ್ತಾಳೆಯ ಬಿಲ್ಲೆ, ಉಳಿದವರು ನಪಾಸು. ಮಳೆ ತುಸು ಬಿಟ್ಟಿತ್ತು, ಹೊಳೆ ಮಾತ್ರ ಕೆಂಪಗೆ ತುಂಬಿ ಹೋಗುತ್ತಿತ್ತು. ನಾನು ಖಾಕಿ ಅರ್ಧ ಚಡ್ಡಿಯಲ್ಲಿ ದೋಣಿ ಹತ್ತಿದೆ. ಬೆಂಚಿಗೂ ದೋಣಿಗೂ ಇರುವ ವ್ಯತ್ಯಾಸ ಆ ಕ್ಷಣವೇ ತಿಳಿಯಿತು. ಬೆಂಚು ನಾವು ಕೂತ ಮೇಲೆ ಅಲ್ಲೇ ಇರುತ್ತದೆ.

ಮಾಸ್ತರರು ಚುಕ್ಕಾಣಿ ಹಿಡಿದು ಆಜ್ಞೆ ಕೊಡುತ್ತ ಹೋದರು, ನಾವು ಪಾಲಿಸುತ್ತ ಹೋದೆವು, ದೋಣಿ ಮಾತ್ರ ಹೊಳೆಯ ಮಾತು ಕೇಳುತ್ತ ಹೋಯಿತು. ಹೇಗೋ ದೋಣಿ ನಿಲ್ಲುವ ಕಡವಿನಿಂದ ಬಹಳ ಕೆಳಗೆ ಆಚೆ ದಡ ಸಿಕ್ಕಿತು. ಅಲ್ಲಿ ಸಿದ್ದಿಯರ ವಾಡೆಯ ಕತ್ರೀನಬಾಯಿ, ದಿನ ತುಂಬಿದ ಮಗಳು ಲೂಸಿಯನ್ನು ಹಿಡಿದುಕೊಂಡು ಕಲ್ಲಿನ ಮೇಲೆ ಕುಳಿತಿದ್ದಳು. ಬೆಳಗಿನಿಂದ ನೋವು, ಅಂಬಿಗ ಮತ್ತೆ ಹಾಸಿಗೆ ಹಿಡಿದಿದ್ದ. ನಮ್ಮನ್ನು ಕಂಡವಳೇ ತಾಯಿ ಮೊಳಕಾಲುದ್ದ ನೀರಿಗೆ ಇಳಿದು ದೋಣಿಯ ಅಂಚನ್ನು ಹಿಡಿದಳು.

“ಚಲೋ ಆತು, ಬಂದ್ರಿ” ಎಂದಳು.

“ಬಾಯಿ, ಇದು ಪರೀಕ್ಷೆ ದೋಣಿ. ಇದರಲ್ಲಿ ಬೇರೆ ಜನ ಕೂರುವ ಹಾಗಿಲ್ಲ” ಎಂದರು ಮಾಸ್ತರರು.

“ನನ್ನ ಮಗಳದ್ದೂ ಇವತ್ತ ಪರೀಕ್ಷೆನ ಐತಿ. ಸರಕೊಂಡು ಕೂಡ್ರಿ” ಎಂದು ಅವಳು ಮಗಳನ್ನು ಒಳಗೆ ಹತ್ತಿಸಿ ನನ್ನ ಪಕ್ಕದಲ್ಲೇ ಕೂರಿಸಿ ತಾನೂ ಹತ್ತಿದಳು. ಮಾಸ್ತರರ ಮೀಸೆಯನ್ನು ಅವಳು ನೋಡಿದಂತೆಯೇ ಇರಲಿಲ್ಲ.

ಮರಳುತ್ತ ಹೊಳೆಯ ನಡುವೆ ಬಂದಿದ್ದೆವು. ಮೇಲಿನಿಂದ ಒಂದು ಭಾರಿ ಸಾಗವಾನಿ ದಿಮ್ಮಿ ನಮ್ಮ ಕಡೆಗೇ ತೇಲಿ ಬರುತ್ತಿರುವುದು ಕಂಡಿತು. ಅದರ ತುದಿಯಲ್ಲಿ ಬಿಳಿ ಬಣ್ಣದ ಗುರುತು. ನಮ್ಮ ಅಡ್ಡೆಯದೇ ಗುರುತು. ಸಾಹುಕಾರರು ದಂಡೆಯ ಮೇಲೆ ಪೇರಿಸಿಟ್ಟ ಮಾಲು, ನೀರು ಏರಿದಾಗ ತಾನೂ ಸಮಾಜಸೇವೆಗೆ ಹೊರಟಿತ್ತು.

“ಹುಟ್ಟು ತಡೆ” ಎಂದು ಮಾಸ್ತರರು ಕೂಗಿದರು.

“ತಡದ್ರ ಅದು ಬಂದು ಬಡೀತೈತಿ” ಎಂದಳು ಕತ್ರೀನಬಾಯಿ. “ಹಾಕ್ರಿ. ಜೋರ ಹಾಕ್ರಿ. ಅಂಗಡಿ ಸಾವಕಾರ್ರ, ನೀವು ಉಂಡದ್ದು ಎಲ್ಲಿ ಹೋತು?”

ಚನ್ನಬಸಪ್ಪನವರು ಒಮ್ಮೆ ಮಾಸ್ತರರನ್ನು ನೋಡಿದರು, ಒಮ್ಮೆ ದಿಮ್ಮಿಯನ್ನು ನೋಡಿದರು, ಹಲ್ಲು ಕಚ್ಚಿ ಹುಟ್ಟು ಹಾಕಿದರು. ಉಳಿದ ನಾಲ್ವರೂ ಹಾಕಿದರು. ಶೆಡ್ಡಿನಲ್ಲಿ ಒಂದು ದಿನವೂ ಕೂಡಿಬರದ ಹುಟ್ಟುಗಳು ಅಂದು ಒಟ್ಟಿಗೆ ನೀರಿಗೆ ಬಿದ್ದವು. ನನ್ನ ಹುಟ್ಟು ಮಾತ್ರ ಎದೆಮಟ್ಟದಲ್ಲೇ ನಿಂತಿತ್ತು. ಶಿಸ್ತಿನಿಂದಲ್ಲ. ನನ್ನ ಕೈಗಳು ನನ್ನವೆಂಬುದೇ ನನಗೆ ಮರೆತುಹೋಗಿತ್ತು. ಸುಶೀಲೆ ಹೇಳಿದ ಗೋಡೆಯನ್ನು ಹುಡುಕುತ್ತಿದ್ದೆನೇನೋ. ಆಗ ಯಾರೋ ನನ್ನ ಮುಂಗೈ ಹಿಡಿದರು. ನೋಡಿದರೆ ಲೂಸಿ. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಅಣ್ಣಾ, ಹೆದರಬ್ಯಾಡ್ರಿ. ದಂಡಿ ಬಂತು” ಎಂದು ನನಗೆ ಧೈರ್ಯ ಹೇಳಿ, ಹಲ್ಲು ಕಚ್ಚಿ ಮತ್ತೆ ತನ್ನ ನೋವಿಗೆ ಹಿಂತಿರುಗಿದಳು.

ದಿಮ್ಮಿ ನಮ್ಮ ದೋಣಿಯ ಬಾಲವನ್ನು ಸವರಿಕೊಂಡು ಕೆಳಗೆ ಹೋಯಿತು. ಈಚೆ ದಡದ ಕೆಸರಿನಲ್ಲಿ ದೋಣಿ ಹೂತುನಿಂತಾಗ ಚನ್ನಬಸಪ್ಪನವರೇ ಆ ಹುಡುಗಿಯನ್ನು ಎತ್ತಿಕೊಂಡು ರಸ್ತೆ ಹತ್ತಿದರು. ಬಿದಿರು ಹೇರಿದ್ದ ಲಾರಿಯೊಂದನ್ನು ನಿಲ್ಲಿಸಿ, ಡ್ರೈವರನ ಪಕ್ಕದಲ್ಲಿ ತಾಯಿ ಮಗಳನ್ನು ಕೂರಿಸಿ ಆಸ್ಪತ್ರೆಗೆ ಕಳಿಸಿದರು. ಸಂಜೆಯ ಭೋಂಗಾ ಆಗುವುದರೊಳಗೆ ಹೆಣ್ಣು ಮಗು ಹುಟ್ಟಿತು, ಇಬ್ಬರೂ ಆರಾಮವಾಗಿದ್ದಾರೆ ಎಂಬ ಸುದ್ದಿ ಬಂತು. ಬೊಬ್ಬೆ ಎದ್ದ ಅಂಗೈಗಳನ್ನು ನೋಡಿಕೊಳ್ಳುತ್ತ ಕುಳಿತಿದ್ದ ಆ ಐವರೂ ನಕ್ಕರು. ನಾನೂ ನಕ್ಕೆ.

ಮರುದಿನ ಮಾಸ್ತರರು ಶೆಡ್ಡಿನಲ್ಲಿ ಫಲಿತಾಂಶ ಸಾರಿದರು. ಐವರು ಆಜ್ಞೆ ಮೀರಿದ್ದಾರೆ, ನಪಾಸು. “ಅಷ್ಟು ದೊಡ್ಡ ಗಂಡಾಂತರದಲ್ಲೂ ಹುಟ್ಟು ತಡೆದು ಅಲುಗದೆ ಕೂತವರು ಇವರೊಬ್ಬರೇ” ಎಂದು ನನ್ನ ಅಂಗಿಗೆ ಬಿಲ್ಲೆ ಚುಚ್ಚಿದರು. ಸಾಹುಕಾರರು ಚಪ್ಪಾಳೆ ತಟ್ಟಿದರು. ಚನ್ನಬಸಪ್ಪನವರಿಗೆ ಕೈಯಲ್ಲಿ ಬೊಬ್ಬೆಯಿದ್ದುದರಿಂದ ತಟ್ಟಲಾಗಲಿಲ್ಲ.

“ನಾವೂ ಶಿಸ್ತಿನಿಂದ ಕುಂತಿದ್ರ ಈ ಬಿಲ್ಲೆ ನಿಮಗ ಎಲ್ಲಿ ಕೊಡ್ತಿದ್ರು ಗೊತ್ತೈತೇನ್ರಿ?” ಎಂದು ಅವರು ನನ್ನ ಕಿವಿಯಲ್ಲಿ ಕೇಳಿದರು. “ಕಾರವಾರದ ಸಮುದ್ರದಾಗ.”

ಬೋರ್ಕರ್ ಮಾಸ್ತರರು ಕಾರವಾರಕ್ಕೆ ಮರಳಿದರು. ಅಂಬಿಗ ಮಲಗಿದಾಗಲೆಲ್ಲ ನಪಾಸಾದ ಐವರು ಸಮಿತಿಯ ದೋಣಿ ಬಿಚ್ಚಿಕೊಂಡು ಜನರನ್ನು ದಾಟಿಸುತ್ತ ಬಂದರು. ಅವರಿಗೆ ಅರ್ಹತೆ ಇಲ್ಲವೆಂಬುದನ್ನು ಆಚೆ ದಡದವರಿಗೆ ಯಾರೂ ತಿಳಿಸಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಹೊಸ ದಳ ತಯಾರಿಸಬೇಕೆಂದು ಸಾಹುಕಾರರಿಗೆ ಮನಸ್ಸಾಯಿತು. ಇಡೀ ದಾಂಡೇಲಿಯಲ್ಲಿ ಪಾಸಾದ ಮನುಷ್ಯ ನಾನೊಬ್ಬನೇ ಆದ್ದರಿಂದ ಶಿಕ್ಷಕನ ಹುದ್ದೆ ನನ್ನನ್ನು ಹುಡುಕಿಕೊಂಡು ಬಂತು. ನಾನು ಬೇಡವೆನ್ನಲಿಲ್ಲ. ಶಿಕ್ಷಕನಾದವನು ಯಾವ ಕಾರಣಕ್ಕೂ ದೋಣಿ ಹತ್ತದೆ ದಡದ ಮೇಲೆಯೇ ನಿಂತಿರತಕ್ಕದ್ದು ಎಂಬ ಕಟ್ಟುನಿಟ್ಟಿನ ನಿಯಮವೊಂದು ಸಮಿತಿಯಲ್ಲಿತ್ತು. ಅಧಿಕಾರ ವಹಿಸಿಕೊಂಡ ದಿನವೇ ನಾನು ಮಾಡಿದ ನಿಯಮ ಅದು.