ಗೌರೀಶನ ಇಪ್ಪತ್ತು ಅಂಕ

ಸಂಪಗಾಂವದ ಬಸ್ಸು ಹದಿನೈದು ನಿಮಿಷ ತಡವಾದ ಕಾರಣ ಗೌರೀಶ ಪ್ರಾಮಾಣಿಕನಾಗಬೇಕಾಯಿತು.

ಬೈಲಹೊಂಗಲದ ಅವನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪ್ರತಿ ಶನಿವಾರ ಒಟ್ಟಿಗೇ ನೀತಿಶಾಸ್ತ್ರದ ತರಗತಿ. ಇಂದಿನ ಪರೀಕ್ಷೆಯಲ್ಲಿ ಪಾಸಾದವರಿಗೆ ಬಿಡುಗಡೆ, ಫೇಲಾದವರಿಗೆ ಮತ್ತೆ ಆರು ತಿಂಗಳು. ಗೌರೀಶನ ವಾಲಿಬಾಲ್ ಪಂದ್ಯಗಳೂ ಶನಿವಾರವೇ. "ಇನ್ನೊಂದ ಶನಿವಾರ ತಪ್ಪಿಸಿದ್ರ ನಿನ್ನ ತಂಡದಿಂದ ತಗೀತೇನಿ" ಎಂದು ನಾಯಕ ನಿಂಗರಾಜ ಹೇಳಿಬಿಟ್ಟಿದ್ದ.

ಬಸ್ಸಿನಲ್ಲಿ ಪುಸ್ತಕ ತೆರೆದರೆ ಪಕ್ಕದ ಮುದುಕಿ ರಾಚವ್ವ ಇಣುಕಿದಳು.

"ಏನ್ ಓದಾಕತ್ತೀಯೋ ತಮ್ಮಾ?"

"ನೀತಿ, ಆಯಿ."

"ಅದನ್ನೂ ಪುಸ್ತಕದಾಗ ಓದಬೇಕೇನು? ಮನ್ಯಾಗ ಏನ್ ಕಲಿಸ್ಯಾರ?"

ಅಷ್ಟರಲ್ಲಿ ಹೆಂಗಸರ ಉಚಿತ ಟಿಕೆಟ್ ಕೊಡಲು ಕಂಡಕ್ಟರ್ ಅವಳ ಆಧಾರ್ ಕಾರ್ಡ್ ಕೇಳಿದ. ನೋಡಿದರೆ ಅದು ಅವಳ ಅಕ್ಕನದು.

"ಮಾರಿ ಒಂದ ಐತಿಲ್ಲೋ? ಹೆಸರಿನಾಗೇನೈತಿ?" ಎಂದಳು ರಾಚವ್ವ. ಬಸ್ಸು ನಿಂತಿತು. ಅರ್ಧ ಬಸ್ಸು ಆಯಿಯ ಕಡೆ, ಅರ್ಧ ಕಂಡಕ್ಟರ್ ಕಡೆ.

ಗೌರೀಶ ಓಡಿ ಬಂದಾಗ ಪರೀಕ್ಷೆ ಶುರುವಾಗಿತ್ತು. ಹಿಂದೆ ನರ್ಸಿಂಗ್‌ನ ಜಾಣೆ ಶೀತಲಳ ಸುತ್ತ ಎಂಜಿನಿಯರಿಂಗ್ ಹುಡುಗರು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಕೂತಿದ್ದರು. ಇವನಿಗೆ ಉಳಿದದ್ದು ಅಧ್ಯಾಪಕ ನಿಜಗುಣಪ್ಪನವರ ಎದುರಿನ ಬೆಂಚು.

ಪ್ರಶ್ನೆ ಒಂದೇ: ಬಾರದ ಗೆಳೆಯನ ಹಾಜರಿಗೆ ನೀವು ಸಹಿ ಮಾಡುವಿರಾ?

ಎಡಕ್ಕೆ ಗೋಡೆ, ಬಲಕ್ಕೆ ಕಿಟಕಿ, ಮುಂದೆ ನಿಜಗುಣಪ್ಪ. ಬೇರೇನೂ ಹೊಳೆಯದೆ ಗೌರೀಶ ನಡೆದದ್ದನ್ನೇ ಬರೆದ: 'ಮಾಡುತ್ತೇನೆ. ಹೋದ ವಾರ ಮಧುವಿನ ಸಹಿ ಮಾಡಿದ್ದೇ ನಾನು. ತಪ್ಪೆಂದು ಗೊತ್ತಿತ್ತು.'

ಸರ್ ಎಲ್ಲರ ಉತ್ತರಗಳನ್ನೂ ಅಲ್ಲೇ ಕೂತು ತಿದ್ದಿ ಎದ್ದು ನಿಂತರು.

"ಹ್ವಾದ ವಾರ ನಾ ಎಣಿಸೇನಿ. ತಲಿ ನಲವತ್ತೊಂದು, ಸಹಿ ಅರವತ್ತು. ಒಂದನ್ನ ಗೌರೀಶ ಒಪ್ಪಿಕೊಂಡಾನ. ಉಳಿದ ಹದಿನೆಂಟು ತಾವ ಹುಟ್ಟಿದುವೇನು?"

ಸರ್ ಉತ್ತರಪತ್ರಿಕೆಗಳ ಕಟ್ಟನ್ನು ಎತ್ತಿ ಹಿಡಿದರು.

"ಇನ್ನ, 'ನರ್ಸಿಂಗ್ ವಿದ್ಯಾರ್ಥಿನಿಯಾಗಿ ನಾನು' ಅಂತ ಬರದ ಇಪ್ಪತ್ತಾರು ಗಂಡಸ್ರು ಫೇಲ್. ಮುಂದಿನ ಶನಿವಾರ ಮತ್ತ ಬರ್ರಿ. ಗೌರೀಶಗ ಇಪ್ಪತ್ತಕ್ಕ ಇಪ್ಪತ್ತು."

"ಮಾರಾಯಾ, ನನ್ನ ಹೆಸರ ಯಾಕ ಬರದಿ?" ಎಂದು ಹಿಂದಿನಿಂದ ಮಧು ಪಿಸುಗುಟ್ಟಿದ. ಗೌರೀಶನಿಗೆ ಅದು ಕೇಳಿಸಲಿಲ್ಲ. ಮನಸ್ಸಿನಲ್ಲಿ ಆಗಲೇ ಚೆಂಡು ನೆಟ್ ದಾಟುತ್ತಿತ್ತು. ಚೀಲ ಹೆಗಲಿಗೇರಿಸಿ ಬಾಗಿಲು ಮುಟ್ಟಿದ.

"ಎಲ್ಲಿಗೆ ಹೊಂಟಿ?" ಎಂದರು ಸರ್, ಮಮತೆಯಿಂದ. "ಎಂಟ ವರ್ಷ ನಾ ಪಾಠ ಹೇಳಿದೆ, ಒಬ್ಬರ ತಲಿಗೂ ಹತ್ತಲಿಲ್ಲ. ನಿನ್ನ ಬಾಯಿಲೆ ಹೇಳಿದ್ರ ಹತ್ತತೈತಿ. ಮುಂದಿನ ಶನಿವಾರದಿಂದ ಇವರಿಗೆ ನೀನ ಮಾಸ್ತರ."

"ಸರ್, ಎಷ್ಟ ದಿವಸರಿ?"

"ಆರ ತಿಂಗಳು. ಓದಾವ್ರು ಒಂದಿನ ತಪ್ಪಿಸಿದ್ರ ನಡೀತೈತಿ, ಮಾಸ್ತರ ತಪ್ಪಿಸಾಂಗಿಲ್ಲ."

ಇಪ್ಪತ್ತಾರು ಮಂದಿ ಮನಸಾರೆ ಚಪ್ಪಾಳೆ ತಟ್ಟಿದರು.